ಬೆಂಚಿನ ಮೂರನೇ ಜಾಗ

ಗುರುಶಾಂತನಿಗೆ ಮೌಸ್ ಕಂಡರೆ ಆಗುತ್ತಿರಲಿಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಆನ್‌ಲೈನ್ ಫಾರ್ಮು ತುಂಬಿಕೊಡುವ ನಮ್ಮ ಅಂಗಡಿಯಲ್ಲಿ ಅವನು ಕಂಪ್ಯೂಟರ್ ಮುಂದೆ, ನಾನು, ಉಮಾಬಾಯಿ, ಝೆರಾಕ್ಸ್ ಮಷಿನ್ ಮುಂದೆ. ಹನ್ನೊಂದು ವರ್ಷವಾಯಿತು.

"ಮೌಸ್ ಹಿಡಿಯೋದು ಪುರಸೊತ್ತು ಇದ್ದವರ ಕೆಲಸರಿ ಅಕ್ಕಾ," ಎನ್ನುತ್ತಿದ್ದ.

ಅವನ ಬೆನ್ನ ಹಿಂದೆ ನಾಲ್ಕು ಮಂದಿಯ ಬೆಂಚು. ಕೂತ ಸಾಲಿನಂತೆಯೇ ಒಬ್ಬೊಬ್ಬರಿಗೆ ಒಂದೊಂದು ಟ್ಯಾಬ್ ತೆರೆದು ಲಾಗಿನ್ ಮಾಡಿಡುತ್ತಿದ್ದ. ಕಂಟ್ರೋಲ್ ಜೊತೆ ಒಂದು ಒತ್ತಿದರೆ ಮೊದಲನೆಯವರ ಫಾರ್ಮು, ಮೂರು ಒತ್ತಿದರೆ ಮೂರನೆಯವರದು. ಒಬ್ಬರ ಫೋಟೋ ಅಪ್‌ಲೋಡ್ ಆಗುವಷ್ಟರಲ್ಲಿ ಇನ್ನೊಬ್ಬರ ವಿಳಾಸ ತುಂಬಿರುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ, ಕೈ ಮಾತ್ರ ಹಿಂದಕ್ಕೆ ಚಾಚುತ್ತಿದ್ದ. ಜನ ಬೆರಗಾಗುತ್ತಿದ್ದರು, ಅವನಿಗೂ ಅದು ಗೊತ್ತಿತ್ತು. ಸೊಕ್ಕು ಅಂದರೂ ಸರಿಯೇ.

ಹೋದ ವರ್ಷ, ನರ್ಸಿಂಗ್ ಕಾಲೇಜು ಆರಿಸುವ ಫಾರ್ಮಿಗೆ ಕೊನೆಯ ದಿನ. ಮೂರನೇ ಜಾಗದಲ್ಲಿ ಅಕ್ಕಲಕೋಟದ ಭಕ್ತಿ. ತಂದೆ ಇಲ್ಲ, ತಾಯಿ ಗೋದೂಬಾಯಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾಳೆ.

"ಸೊಲ್ಲಾಪುರ ಬಿಟ್ಟು ಬ್ಯಾರೆ ಊರು ಹಾಕಬ್ಯಾಡ್ರಿ ಅಣ್ಣಾ, ಸಂಜಿಕ ನಾ ಅವ್ವನ ಹತ್ರ ಇರಬೇಕ್ರಿ," ಎಂದು ಬಂದ ಕೂಡಲೇ ಹೇಳಿದ್ದಳು. ಪಕ್ಕದ ನಾಲ್ಕನೇ ಜಾಗದಲ್ಲಿ ಪೂನಮ, ಅವಳೂ ನರ್ಸಿಂಗಿಗೇ. ಅವಳ ಚೀಟಿಯಲ್ಲಿದ್ದದ್ದು ಪುಣೆ, ನಾಶಿಕ.

ಅಷ್ಟರಲ್ಲಿ ಪಿಂಚಣಿ ಕಾಗದ ಹಿಡಿದು ಕಸ್ತೂರಬಾಯಿ ಬಂದಳು, ಎಂಬತ್ತರ ಮುದುಕಿ. ಭಕ್ತಿ ಪಟ್ಟನೆ ಎದ್ದು, "ಕೂಡ್ರಿ ಆಯಿ," ಎಂದಳು. ಪೂನಮ ಅವಳ ಜಾಗಕ್ಕೆ ಸರಿದಳು, ಮುದುಕಿ ತುದಿಗೆ ಕೂತಳು.

"ಬಂಗಾರದಂಥಾ ಹುಡುಗಿ!" ಅಂದೆ ನಾನು. ಸುಡಲಿ ನನ್ನ ಬಾಯಿ, ಸಾಲು ಬದಲಾಯಿತು ಎಂದು ಗುರುಶಾಂತನಿಗೆ ಹೇಳಬೇಕು ಅನ್ನಿಸಲಿಲ್ಲ.

"ಮೂರನೇದವರು ಚೀಟಿ ಕೊಡ್ರಿ." ಕೈ ಹಿಂದಕ್ಕೆ ಬಂತು. ಪೂನಮ ತನ್ನ ಚೀಟಿ ಇಟ್ಟಳು. ಕಂಟ್ರೋಲ್, ಮೂರು. ತೆರೆದದ್ದು ಭಕ್ತಿಯ ಫಾರ್ಮು. ಮೇಲೆ ಹೆಸರಿತ್ತು, ಕಣ್ಣೆತ್ತಿ ನೋಡಿದರೆ ತಾನೆ? ಪುಣೆ, ನಾಶಿಕ ತುಂಬಿ ಲಾಕ್ ಮಾಡಿಬಿಟ್ಟ. ಲಾಕ್ ಆದದ್ದನ್ನು ಮತ್ತೆ ತಿದ್ದಲು ಬರುವುದಿಲ್ಲ.

"ನಾಲ್ಕನೇದವರು," ಎಂದಾಗ ಕೈಗೆ ಬಂದದ್ದು ಪಿಂಚಣಿ ಕಾಗದ. ಆಗ ತಿರುಗಿ ನೋಡಿದ. ಮೂರನೇ ಜಾಗದಲ್ಲಿ ಪೂನಮ ಕೂತಿದ್ದಳು, ಭಕ್ತಿ ನಿಂತಿದ್ದಳು.

ಪೂನಮಳ ಟ್ಯಾಬ್ ಹಾಗೇ ಇತ್ತು, ಅವಳ ಕೆಲಸ ಆಯಿತು. ಭಕ್ತಿಯ ಸಲುವಾಗಿ ಸಂಜೆಯವರೆಗೂ ಸಹಾಯವಾಣಿಗೆ ಫೋನ್ ಹಚ್ಚಿದ, ಪ್ರಯೋಜನವಾಗಲಿಲ್ಲ. ಅವಳಿಗೆ ನಾಶಿಕದಲ್ಲಿ ಸೀಟು ಬಂತು. ತಾಯಿಯನ್ನು ಬಿಟ್ಟು ಹೇಗೆ ಹೋದಾಳು? ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಟವೆಲ್ ಮಡಚುವ ಕೆಲಸಕ್ಕೆ ಸೇರಿದಳು.

ಗುರುಶಾಂತ ಅಕ್ಕಲಕೋಟಕ್ಕೆ ಹೋಗಿ ಗೋದೂಬಾಯಿಯ ಕಾಲು ಹಿಡಿದ. "ಅಳಬ್ಯಾಡೋ ಯಪ್ಪಾ. ಹುಡುಗಿ ಮನ್ಯಾಗ ಉಳೀತು, ನನಗ ಚಲೋನ ಆತು," ಎಂದಳಂತೆ ಆಕೆ. ಒಲೆಯ ಮುಂದೆ ಭಕ್ತಿ ಅದನ್ನು ಕೇಳಿಸಿಕೊಂಡು ನಿಂತಿದ್ದಳಂತೆ.

"ಆಕಿ ನಾಕ್ ಮಾತು ಬೈದಿದ್ದರ ಬರೋಬ್ಬರ ಇತ್ತರಿ ಅಕ್ಕಾ," ಎಂದು ನನ್ನ ಮುಂದೆ ಅತ್ತ.

ಅಂದಿನಿಂದ ಒಂದೇ ಟ್ಯಾಬ್, ಒಬ್ಬರೇ ಮನುಷ್ಯರು. ಮೌಸ್ ಹಿಡಿಯುತ್ತಾನೆ, ಹೆಸರು ಓದಿ ಓದಿ ಕೇಳುತ್ತಾನೆ. ಕಾಯಲಾರದ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಈ ವರ್ಷ ಭಕ್ತಿ ಮತ್ತೆ ಬಂದಳು, ಅದೇ ಫಾರ್ಮಿಗೆ. ಬೆಂಚಿನ ಮೂರನೇ ಜಾಗದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಕೋಲೂರಿಕೊಂಡು ಸಾತಲಿಂಗಪ್ಪ ಅಜ್ಜ ಬಂದ. ಎಲ್ಲರೂ ಬೆಂಚಿನ ಮೇಲಿನ ಸಣ್ಣ ವಯಸ್ಸಿನವಳನ್ನೇ ನೋಡಿದರು. ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದಳು.

"ನಾ ಏಳಂಗಿಲ್ರಿ ಅಜ್ಜಾ."

ಈಗ ಬೆಂಚಿನ ಸಾಲಿಗೂ ಟ್ಯಾಬಿಗೂ ಸಂಬಂಧವಿಲ್ಲ, ಎದ್ದರೆ ಏನೂ ಆಗುವುದಿಲ್ಲ ಮಗಳೇ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗುರುಶಾಂತ ಎದ್ದು ತನ್ನ ಕುರ್ಚಿಯನ್ನು ಅಜ್ಜನಿಗೆ ಕೊಟ್ಟ, ಆ ದಿನದ ಫಾರ್ಮುಗಳನ್ನೆಲ್ಲ ನಿಂತೇ ತುಂಬಿದ.