ಅವ್ವನ ಬಿಸಿಲಿಗೆ ಅಪ್ಪನ ಛತ್ರಿ

ಮಿತ್ರರೇ, ಇವತ್ತು ಬೆಳಿಗ್ಗೆ ಚುಂಚನಕಟ್ಟೆಯ ನಾಲೆ ಏರಿಯ ಮೇಲೆ ವೈದ್ಯಶಾಸ್ತ್ರ ಸೋತಿತು. ನಾನೇ ಸಾಕ್ಷಿ.

ಬಚ್ಚಲಲ್ಲಿ ಜಾರಿ ಅವ್ವ ಮುಂಗೈ ಮುರಿದುಕೊಂಡಾಗ, ಮೂಳೆ ಸವೆದಿದೆ ಎಂದಿದ್ದರು ಡಾಕ್ಟರು. "ಇನ್ನೊಂದ್ಸಲ ಬಿದ್ರೆ ಸೊಂಟಕ್ಕೇ ಬರುತ್ತೆ. ಮಾತ್ರೆ ಒಂದೇ ಸಾಲದು. ರಾಗಿ, ಮೊಸರು ತಿನ್ಲಿ. ದಿನಾ ಮೈಗೆ ಬಿಸಿಲು ಬೀಳೋ ಹಾಗೆ ನಡೀಲಿ."

ಕೈಕಟ್ಟು ಬಿಚ್ಚಿದ ಮೇಲೆ ಇವತ್ತು ಮೊದಲ ನಡಿಗೆ. ಹಿಂದಿನಿಂದ ಹೋಗಿ ನೋಡುತ್ತೇನೆ, ಅವ್ವನ ತಲೆಯ ಮೇಲೆ ಕಪ್ಪು ಛತ್ರಿ ಅರಳಿದೆ. ಹಿಡಿದವರು ಅಪ್ಪ. ಅವರು ಮಾತ್ರ ಪೂರ್ತಿ ಬಿಸಿಲಲ್ಲಿ.

"ಅಪ್ಪ, ಬಿಸ್ಲೇ ಔಸ್ದಿ ಕಣಪ್ಪ. ಛತ್ರಿ ಮಡ್ಚು."

"ಸುಮ್ಕಿರ್ಲಾ. ತಲೆ ಸುತ್ತಿ ಬಿದ್ರೆ ನಿನ್ ಡಾಕ್ಟ್ರು ಬಂದು ಇಡ್ಕತ್ತರಾ?"

ನಾನು ಅವ್ವನಿಗೆ ಅಹವಾಲು ಸಲ್ಲಿಸಿದೆ. ಅವಳು ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಬುಡ್ಲಾ ಮಗ. ನಲವತ್ತು ವರ್ಸ ಹತ್ತು ಮಾರು ಮುಂದೆ ನಡ್ದವ್ರು, ಇವತ್ತೇ ನನ್ ಪಕ್ದಲ್ಲಿ ನಡೀತಾವ್ರೆ. ಬಿಸ್ಲು ನಾಳೆನೂ ಬತ್ತದೆ."

ಆದ್ದರಿಂದ ಮಿತ್ರರೇ, ಕೆ.ಆರ್. ನಗರದ ಯಾವುದಾದರೂ ಅಂಗಡಿಯಲ್ಲಿ ಬಟ್ಟೆಯಿಲ್ಲದ, ಬರೀ ಕಡ್ಡಿಯ ಛತ್ರಿ ಸಿಕ್ಕರೆ ದಯವಿಟ್ಟು ತಿಳಿಸಿ. ಹಿಡಿ ಮಾತ್ರ ಗಟ್ಟಿಯಾಗಿರಲಿ.