ಈರುಳ್ಳಿ ಡಬ್ಬದ ಗಾಳಿಕಿಂಡಿ

ನಾನು ಬಂದರಿನ ಕೆಲಸ ಮಾಡುತ್ತೇನೆ ಎಂದರೆ ನಮ್ಮೂರು ಬೇಗೂರಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದೂ ಸರಿಯೇ. ಕಡಲನ್ನು ನಾನಿನ್ನೂ ಕಣ್ಣಾರೆ ಕಂಡಿಲ್ಲ. ಆದರೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯೊಂದರ ಹಿಂದೆ ತಗಡಿನ ಶೆಡ್ಡಿನಲ್ಲಿ, ಹಡಗಿಗೆ ಹೋಗುವ ಮೂಟೆಗಳನ್ನು ಎಣಿಸಿ, ಡಬ್ಬದ ಬಾಗಿಲಿಗೆ ಸೀಲು ಹಾಕುವವಳು ನಾನೇ. ಹಡಗಿನ ಏಜೆಂಟರು ಈ ಕೆಲಸಕ್ಕೆ ಇಟ್ಟಿರುವ ಹೆಸರು ಟ್ಯಾಲಿ ಕ್ಲರ್ಕ್. ಅದೇನೆಂದು ಅವ್ವನಿಗೆ ಬಿಡಿಸಿ ಹೇಳಲು ಹೋಗಿ ಸೋತಿದ್ದೇನೆ. "ಮೂಟೆ ಎಣ್ಸೋ ಕೆಲ್ಸ ಅನ್ನು, ಸಾಕು" ಎಂದಳು.

ಕೊಚ್ಚಿಯಿಂದ ಲಾರಿಯ ಮೇಲೆ ಬಿಳಿಯ ಕಂಟೇನರ್ ಬರುತ್ತದೆ. ನಾವೆಲ್ಲ ಅದನ್ನು ಡಬ್ಬ ಎನ್ನುತ್ತೇವೆ. ಸಾಂಬಾರ್ ಈರುಳ್ಳಿಯನ್ನು ಬಲೆ ಚೀಲಗಳಲ್ಲಿ ತುಂಬಿ ಅದರೊಳಗೆ ಜೋಡಿಸುತ್ತಾರೆ. ಡಬ್ಬದ ಮುಂಭಾಗದಲ್ಲಿ, ಡ್ರೈವರನ ಕ್ಯಾಬಿನ್ನಿನ ಬೆನ್ನಿಗೆ ಎದುರಾಗಿ, ತಂಪಿನ ಯಂತ್ರವಿದೆ. ಅದರ ಪಕ್ಕದಲ್ಲೇ ಅಂಗೈಯಗಲದ ಒಂದು ಗಾಳಿಕಿಂಡಿ. ಅದರ ತಿರುಪು ಸಡಿಲಿಸಿ, ಮುಚ್ಚಳ ತಿರುಗಿಸಿ ತೆರೆದಿಡಬೇಕು. ಈರುಳ್ಳಿ ಉಸಿರಾಡುತ್ತದೆ, ಬೆವರುತ್ತದೆ. ಕಿಂಡಿ ಮುಚ್ಚಿ ಕಡಲ ಮೇಲೆ ಬಿಟ್ಟರೆ ಆಚೆ ದಡ ಸೇರುವ ಹೊತ್ತಿಗೆ ಮೊಳಕೆಯೋ ಕೊಳೆಯೋ ಆಗಿರುತ್ತದೆ. ಹಾಗಾಗಿ ಕಿಂಡಿ ತೆರೆದು, ಅದರ ಫೋಟೋ ತೆಗೆದು, ಕೊಚ್ಚಿಗೆ ಕಳಿಸುವುದು ನನ್ನ ಕೆಲಸದ ಮುಖ್ಯ ಭಾಗ.

ಆ ಫೋಟೋ ತಲುಪುವುದು ಬಂದರಿನ ಗೇಟಿನಲ್ಲಿ ಡಬ್ಬಗಳನ್ನು ಪರೀಕ್ಷಿಸುವ ಒಬ್ಬ ಹಿರಿಯರಿಗೆ. ನಾನು ಅವರನ್ನು ಚೇಟ, ಅಂದರೆ ಅಣ್ಣ, ಎನ್ನುತ್ತೇನೆ; ಅವರು ನನ್ನನ್ನು ಮೋಳೇ, ಮಗಳೇ, ಎನ್ನುತ್ತಾರೆ. ಅವರ ಮಲಯಾಳ, ನನ್ನ ಕನ್ನಡ, ನಡುವೆ ಲಾರಿಯವರಿಂದ ಕಲಿತ ಅರ್ಧಂಬರ್ಧ ಮಾತು. ಅಷ್ಟರಲ್ಲೇ ಅವರು ನನಗೆ ಇಡೀ ಬಂದರನ್ನು ಫೋನಿನಲ್ಲಿ ತೋರಿಸಿದ್ದಾರೆ. ಹಡಗು ಎಂದರೆ ಕ್ಯಾಪ್ಟನ್ ಒಬ್ಬನೇ ಎಂದುಕೊಂಡಿದ್ದೆ. ದೋಣಿಯಲ್ಲಿ ಎದುರು ಹೋಗಿ, ಹಗ್ಗದ ಏಣಿ ಹತ್ತಿ, ಹಡಗಿಗೆ ದಾರಿ ತೋರಿಸುತ್ತಾ ಒಳಗೆ ಕರೆತರುವ ಪೈಲಟ್ ಬೇರೆಯಂತೆ. ಕ್ರೇನಿನ ಗೂಡಿನಲ್ಲಿ ಕೂತು ಕಾಲ ಕೆಳಗಿನ ಗಾಜಿನಲ್ಲಿ ನೋಡುತ್ತಾ ಡಬ್ಬ ಎತ್ತುವವರು ಬೇರೆ, ಹಡಗಿನ ಮೇಲೆ ಅದನ್ನು ಸರಳುಗಳಿಂದ ಬಿಗಿಯುವವರು ಬೇರೆ. ಕಡಲ ನಡುವೆ ದಿನಾ ಒಂದೊಂದೇ ಡಬ್ಬದ ತಂಪು ನೋಡಿ ಬರೆದುಕೊಳ್ಳುವ ಎಲೆಕ್ಟ್ರಿಷಿಯನ್ ಒಬ್ಬನಿದ್ದಾನಂತೆ. ಇಷ್ಟು ಕೈ ದಾಟಿ ಹೋಗುವ ಈರುಳ್ಳಿಯ ಚೀಲಕ್ಕೆ ಬಾಯಿ ಹೊಲಿಯುವುದು ಮಾತ್ರ ನಮ್ಮಪ್ಪ.

ಹೌದು, ಅಪ್ಪನೂ ಅದೇ ಶೆಡ್ಡಿನಲ್ಲಿ. ಮಂಡಿ ನೋವು ಬಂದಮೇಲೆ ಹೊಲದ ಕೆಲಸ ಬಿಟ್ಟು, ದಬ್ಬಳ ಹಿಡಿದು ಮೂಟೆ ಹೊಲಿಯಲು ಬಂದ. ಇಬ್ಬರೂ ಒಂದೇ ಬಸ್ಸು. ಮನೆಯಲ್ಲಿ ಕೂತರೆ ಅವನು ಅವ್ವನ ತಲೆ ತಿಂದು, ತನ್ನ ತಲೆಯನ್ನೂ ತಿಂದುಕೊಳ್ಳುವವನು. ಆ ಶೆಡ್ಡು ತಪ್ಪಿದರೆ ಅವನ ದಿನವೇ ಇಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಈರುಳ್ಳಿಯ ವಿಷಯದಲ್ಲಂತೂ ಅಪ್ಪ ಸ್ವಲ್ಪ ಹುಚ್ಚ. ಚಿಕ್ಕಪ್ಪನ ಮದುವೆಯ ದಿನ ಮೋಡ ಕವಿಯಿತೆಂದು ಊಟದ ಎಲೆ ಬಿಟ್ಟು ಹೊಲಕ್ಕೆ ಓಡಿ, ಟಾರ್ಪಾಲು ಸಾಲದೆ ಉಟ್ಟಿದ್ದ ಹೊಸ ಪಂಚೆಯನ್ನೇ ಬಿಚ್ಚಿ ರಾಶಿಗೆ ಹೊದಿಸಿ, ಚಡ್ಡಿಯಲ್ಲಿ ಚಪ್ಪರಕ್ಕೆ ಮರಳಿದವನು. ಆ ಕತೆ ಹೇಳಿ ನಾವು ಇಂದಿಗೂ ನಗುತ್ತೇವೆ.

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ ಅಪ್ಪ ಹೆಮ್ಮೆಯಿಂದ ಹೇಳಿದ: "ನೆನ್ನೆ ನಾ ಇಲ್ದೆ ಓಗಿದ್ರೆ ನಿನ್ ಡಬ್ಬ ನೆಂದೋಗದು ಕಣಮ್ಮಿ."

"ಯಾವ್ ಡಬ್ಬ?"

"ಅದೇ, ಮುಂದ್ಗಡೆ ತೂತು ತಗ್ದು ಬುಟ್ಟಿದ್ಯಲ್ಲ. ನೀನು ಆಪೀಸಲ್ಲಿದ್ದೆ, ಡ್ರೈವರ್ ಊಟಕ್ಕೋಗಿದ್ದ. ಮಳೆ ಬಂತು. ಅತ್ತಿ ಮುಚ್ಬುಟ್ಟೆ. ಗಟ್ಯಾಗಿ ತಿರುಪ್ದೆ."

ಲೋಟ ಕೆಳಗಿಟ್ಟೆ. ನಾನು ಫೋಟೋ ಕಳಿಸಿಯಾದ ಮೇಲೆ ನಡೆದದ್ದು ಇದು. ರಾತ್ರಿ ಕಾಡಿನ ರಸ್ತೆ ಮುಚ್ಚುವುದರೊಳಗೆ ಕೇರಳದ ದಾರಿಯ ಮದ್ದೂರು ಅರಣ್ಯ ಗೇಟು ದಾಟಬೇಕೆಂದು ಲಾರಿ ಸಂಜೆಗೆ ಮುಂಚೆಯೇ ಹೊರಟಿತ್ತು. ಹೊರಡುವ ಮುಂಚೆ ನಾನು ಇನ್ನೊಮ್ಮೆ ನೋಡಿರಲಿಲ್ಲ.

"ಅಪ್ಪ, ಅದು ಈರುಳ್ಳಿ ಉಸಿರಾಡೋ ಜಾಗ ಕಣಪ್ಪ! ಎಂತಾ ಕೆಲ್ಸ ಮಾಡ್ಬುಟ್ಟೆ!" ಎಂದು ಕಿರುಚಿದೆ. ಕಿರುಚಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅಪ್ಪ ಅವ್ವನ ಮುಖ ನೋಡಿದ. "ಮಳೆ ಬಂತಲ್ಲಮ್ಮಿ" ಎಂದ, ಅಷ್ಟೇ.

ಡ್ರೈವರನ ಫೋನು ಸ್ವಿಚ್ ಆಫ್ ಆಗಿತ್ತು. ಚೇಟನಿಗೆ ಮಾಡಿದೆ. ಲಾರಿ ಬಂದರಿನ ಗೇಟಿನ ಸಾಲಿನಲ್ಲಿ ನಿಂತಿದೆ, ಹಡಗಿಗೆ ಏರಿಲ್ಲ, ಕಿಂಡಿ ತೆರೆಸುತ್ತೇನೆ ಎಂದರು. ಹೋದ ಜೀವ ಬಂತು. ಆದರೆ ಗೇಟಿನ ಕಾಗದದಲ್ಲಿ ಬರೆಯದೆ ಬಿಡುವಂತಿಲ್ಲವಂತೆ. "ಆರಾ ಅಡಚ್ಚದ್?" ಎಂದು ಕೇಳಿದರು. ಯಾರು ಮುಚ್ಚಿದ್ದು?

ಏಜೆಂಟರ ನಿಯಮ ನನಗೆ ಬಾಯಿಪಾಠ. ಸಂಬಂಧವಿಲ್ಲದವರು ಡಬ್ಬ ಮುಟ್ಟಿದರೆ ಅವರು ಶೆಡ್ಡಿನಲ್ಲಿ ಇರುವಂತಿಲ್ಲ. ಅಪ್ಪ ಎದುರಿಗೇ ಕೂತಿದ್ದ. ನಾನು ಎದ್ದು ಹಿತ್ತಲಿಗೆ ಹೋಗಿ, "ನಾನೇ" ಎಂದೆ.

"ಫೋಟೋದಲ್ಲಿ ತೆರೆದಿದೆಯಲ್ಲ ಮೋಳೇ?"

"ಆಮೇಲೆ ಮಳೆ ಬಂತು. ಹೆದರಿ ಮುಚ್ಚಿದೆ. ಮತ್ತೆ ತೆರೆಯಲು ಮರೆತೆ."

ಹಾಗೆಂದೇ ಬರೆಯುತ್ತೇನೆ ಎಂದರು ಚೇಟ. ಆಮೇಲೆ "ಪೇಡಿಕ್ಕಂಡ" ಎಂದರು, ಹೆದರಬೇಡ ಎಂದು. ಅವರಿಗೆ ಸುಳ್ಳು ಗೊತ್ತಾಗಿರಬೇಕು.

ಮಧ್ಯಾಹ್ನ ಏಜೆಂಟರ ಚಾಮರಾಜನಗರದ ಕಚೇರಿಯಿಂದ ಅಧಿಕಾರಿ ಬಂದ. ಮಂಡಿ ಯಜಮಾನರ ಮುಂದೆ, ಈರುಳ್ಳಿ ಆರಿಸುವ ಹೆಂಗಸರ ಮುಂದೆ, ನನ್ನನ್ನು ನಿಲ್ಲಿಸಿಕೊಂಡು ಕೇಳಿದ: "ಮಳೆ ಬಂತು ಅಂತ ಕಿಂಡಿ ಮುಚ್ಚೋದೇನ್ರೀ? ನಿಮಗೆ ಕಲಿಸಿದ್ದು ಇದೇನಾ? ನಾಳೆಯಿಂದ ಬೇರೆಯವರನ್ನ ಕಳಿಸ್ತೀವಿ, ಬಿಡಿ." ನಾನು ನೆಲ ನೋಡುತ್ತಾ ನಿಂತಿದ್ದೆ. ಅಷ್ಟು ವಿದ್ಯೆ ಕಲಿತು ದಡ್ಡಿ ಅನ್ನಿಸಿಕೊಳ್ಳುವುದು ಸುಲಭವಲ್ಲ. ಆದರೂ ಸಹಿಸಿಕೊಂಡೆ. ನನಗೆ ಇನ್ನೊಂದು ಕೆಲಸ ಸಿಕ್ಕೀತು.

ಮೂಟೆಗಳ ಮಧ್ಯದಿಂದ ಅಪ್ಪ ಎದ್ದು ಬಂದ. ದಬ್ಬಳ ಕೈಯಲ್ಲೇ ಇತ್ತು, ದಾರ ನೇತಾಡುತ್ತಿತ್ತು.

"ಸ್ವಾಮಿ, ಮುಚ್ಚಿದ್ದು ನಾನು. ಇವ್ಳು ನನ್ನ ಉಳ್ಸಕೆ ಸುಳ್ಳು ಏಳ್ತಾವ್ಳೆ. ಓಗೋದಾದ್ರೆ ನಾನ್ ಓಯ್ತೀನಿ."

ನನಗೆ ಅಪ್ಪನ ಮೇಲೆ ಕೆಂಡದಂಥ ಕೋಪ ಬಂತು. ಕಷ್ಟಪಟ್ಟು ಕಟ್ಟಿದ್ದ ಸುಳ್ಳನ್ನು ಒಂದೇ ಮಾತಿನಲ್ಲಿ ಕೆಡವಿಬಿಟ್ಟ. ಆ ಕೋಪದಲ್ಲೇ ಕಣ್ಣಲ್ಲಿ ನೀರೂ ಬಂತು. ಅಧಿಕಾರಿ ಯಜಮಾನರ ಕಡೆ ನೋಡಿದ. ಯಜಮಾನರು ಅಪ್ಪನ ಹೊಲಿಗೆಯನ್ನು ಬಲ್ಲವರು. ಅವನು ಹೊಲಿದ ಮೂಟೆ ಒಂದೂ ಬಾಯಿ ಬಿಟ್ಟಿಲ್ಲ. ಅಧಿಕಾರಿಯೊಂದಿಗೆ ತುಂಬಾ ಹೊತ್ತು ಮಾತಾಡಿ, ಅವನನ್ನು ಒಪ್ಪಿಸಿ, ಕೊನೆಗೆ ಅಪ್ಪನಿಗೆ ತೀರ್ಮಾನ ಹೇಳಿದರು: "ಇರ್ಲಿ ಕಣ. ಆದ್ರೆ ಇನ್ಮೇಲೆ ನೀನು ಡಬ್ಬನ ಮುಟ್ಟಂಗಿಲ್ಲ. ಬೆರ್ಳೂ ಸೋಕುಸ್ಬಾರ್ದು. ಇನ್ನೊಂದ್ಸಲ ಆದ್ರೆ ಅಪ್ಪ ಮಗಳು ಇಬ್ರೂ ಓಯ್ತೀರ."

"ಊಂ ಯಜಮಾನ್ರೆ" ಎಂದ ಅಪ್ಪ.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಅರ್ಧ ದಾರಿಯಲ್ಲಿ ಪಕ್ಕದವರು ಇಳಿದಾಗ ಅವನು ನನ್ನ ಬಳಿ ಬಂದ. "ಇಷ್ಟ್ ವರ್ಸ ಮುಚ್ಚಿ ಮುಚ್ಚಿ ಕಾಪಾಡ್ದೆ ಕಣಮ್ಮಿ. ಈಗ ತಗ್ದು ಬುಟ್ರೇನೆ ಕಾಪಾಡ್ದಂಗೆ ಅಂತೀಯ" ಎಂದ. ಹಡಗಿಗೆ ಹೋಗುವುದಕ್ಕೆ ಹಾಗೇ ಎಂದೆ. ಕಿಂಡಿಯ ಮೇಲೆ ಮರೆಯಿರುತ್ತದೆ, ಮಳೆ ನೀರು ಒಳಗೆ ಹೋಗುವುದಿಲ್ಲ ಎಂದೂ ಮುಂದಿನ ಸೀಟಿನ ಬೆನ್ನಿಗೆ ಬೆರಳಲ್ಲಿ ಬರೆದು ತೋರಿಸಿದೆ. ಸರ್ಕಾರಿ ಕಚೇರಿಯಲ್ಲಿ ತಲೆಯಾಡಿಸುವಂತೆ ತಲೆಯಾಡಿಸಿದ. ಯಾವುದನ್ನು ಕಾಪಾಡಲು ಯಾವುದನ್ನು ತೆರೆದಿಡಬೇಕು ಎಂಬುದು ಆ ರಾತ್ರಿಯೆಲ್ಲ ನನ್ನನ್ನೂ ಕಾಡಿತು. ಅವನು ನನ್ನನ್ನು ಓದಲು ಕಳಿಸಿದ್ದು, ನಾನು ಅವನನ್ನು ಸುಳ್ಳಿನಿಂದ ಮುಚ್ಚಲು ಹೋದದ್ದು, ಎಲ್ಲವೂ ನೆನಪಾಯಿತು.

ವಾರ ಕಳೆದ ಮೇಲೆ ಮತ್ತೊಂದು ಡಬ್ಬ ತುಂಬಿ ನಿಂತಿತ್ತು. ಕಿಂಡಿ ತೆರೆದು, ಫೋಟೋ ಕಳಿಸಿ, ಲಾರಿ ಹೊರಡಲು ಬೇಕಾದ ಕಾಗದ ಬರೆಯಲು ಒಳಗೆ ಕೂತಿದ್ದೆ. ತಗಡಿನ ಮೇಲೆ ದಡದಡನೆ ಮಳೆ ಶುರುವಾಯಿತು. ಅಪ್ಪ ಕೂರುವ ಜಾಗ ಖಾಲಿ. ಚಪ್ಪಲಿಯನ್ನೂ ಮೆಟ್ಟದೆ ಲಾರಿಯತ್ತ ಓಡಿದೆ.

ಅಪ್ಪ ಕ್ಯಾಬಿನ್ನಿಗೂ ಡಬ್ಬಕ್ಕೂ ನಡುವಿನ ಕಬ್ಬಿಣದ ಪಟ್ಟಿಯ ಮೇಲೆ, ನೋಯುವ ಮಂಡಿಯನ್ನು ಮಡಿಸಲಾರದೆ ನಿಂತಿದ್ದ. ಕಿಂಡಿ ತೆರೆದೇ ಇತ್ತು. ಅದರ ಮೇಲೆ ಮನೆಯ ಕಪ್ಪು ಕೊಡೆ ಹಿಡಿದಿದ್ದ. ತಾನು ಮಾತ್ರ ಪೂರ್ತಿ ನೆನೆದಿದ್ದ. ಕೊಡೆಯ ಕಡ್ಡಿಗೂ ಡಬ್ಬಕ್ಕೂ ಒಂದು ಬೆರಳಿನಷ್ಟು ಸಂದು; ಕಡ್ಡಿ ತಗಲದಂತೆ, ಗಾಳಿ ಬೀಸಿದಾಗಲೆಲ್ಲ ಕೊಡೆಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ.

"ಅಪ್ಪ, ನೀರು ಒಳಕ್ಕೆ ಹೋಗಲ್ಲ ಅಂತ ಹೇಳಿದ್ನಲ್ಲ!"

"ಗೊತ್ತು ಕಣಮ್ಮಿ" ಎಂದ. "ಮುಟ್ಟಿಲ್ಲ, ನೋಡು."

ಇಳಿ ಎನ್ನಬೇಕಿತ್ತು. ಎನ್ನಲಾಗಲಿಲ್ಲ. ಊಟ ಮುಗಿಸಿ ಬಂದ ಡ್ರೈವರ್, ಮದ್ದೂರು ಗೇಟಿಗೆ ಹೊತ್ತಾಗುತ್ತೆ ಎಂದು ಎರಡು ಸಲ ಕೂಗಿದ. ಮಳೆ ನಿಲ್ಲುವವರೆಗೂ ನಾನು ಡ್ರೈವರನಿಗೆ ಕಾಗದ ಕೊಡಲಿಲ್ಲ.