ಹುಳದ ಮಾವ

ಸಿಗಡಿ ಕೊಳದ ಯಜಮಾನರನ್ನು ಯಾರಾದರೂ ಹುಳದ ಮಾವ ಎಂದರೆ ಅವರು ಮೀಸೆ ತಿರುವುತ್ತಾರೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ನೊಣದ ಮರಿಹುಳಗಳ ಟ್ರೇ ಮುಂದಿಡುತ್ತಾರೆ. "ಮೂಗು ಮುರೀಬೇಡಿ, ಇವರೇ ನಮ್ಮ ಡಾಕ್ಟರುಗಳು! ಕೊಳೆತದ್ದರಲ್ಲೇ ಬೆಳೆದರೂ ಕಾಯಿಲೆ ಹತ್ತಿರ ಸುಳಿಯಲ್ಲ. ರೋಗಾಣು ಕೊಲ್ಲೋ ಸತ್ವ ಇವರ ಮೈಯಲ್ಲೇ ಇದೆ, ಅದನ್ನೇ ಸಿಗಡಿ ಮೇವಿಗೆ ಬೆರೆಸೋದು" ಎಂದು ಭಾಷಣ ಶುರು. ಆಮೇಲೆ ಕೊಳದಿಂದ ಒಂದು ಸಿಗಡಿ ಎತ್ತಿ ಬೆಳಕಿಗೆ ಹಿಡಿದು, ಚೆನ್ನಾಗಿ ಮೇವು ತಿಂದು ಆರೋಗ್ಯವಾಗಿರುವುದರ ಗುರುತಾದ, ಬೆನ್ನುದ್ದಕ್ಕೂ ತುಂಬಿದ ಕರುಳಿನ ಗೆರೆಯನ್ನು ಮೊಮ್ಮಗಳ ಅಂಕಪಟ್ಟಿಯಂತೆ ತೋರಿಸುತ್ತಾರೆ. ಟ್ರೇ ಕಂಡಾಗಲೆಲ್ಲ ಗೊಣಗುವ ಹೆಂಡತಿಯೂ ಈ ಹೆಮ್ಮೆಗೆ ಮಾತ್ರ ಅಡ್ಡಬರುವುದಿಲ್ಲ. ಕೊಳಕ್ಕೆ ಆಂಟಿಬಯೋಟಿಕ್ ಸುರಿಯುತ್ತಿದ್ದ ಕಾಲದಲ್ಲಿ ಇದೇ ಯಜಮಾನರು ಮನೆಯ ಅಡುಗೆಗೆ ಪೇಟೆಯಿಂದ ಬೇರೆಯವರ ಸಿಗಡಿ ಕೊಂಡು ತರುತ್ತಿದ್ದರು. ಈಗ ಬಲೆಗೆ ಬಿದ್ದ ಮೊದಲ ಸಿಗಡಿ ಹೋಗುವುದು ಮೊಮ್ಮಗಳ ತಟ್ಟೆಗೆ.